ಚೀಟಿಯ ಜ್ಞಾನ, ಕಣ್ಣಿನ ಜ್ಞಾನ: ರೈತರಿಗೆ ಯಾವುದನ್ನು ಹೇಗೆ ಕಲಿಸಬೇಕು?

ಮೆಣಸಿನಕಾಯಿ ಬೆಳೆಯುವವರಿಗೆ ಮೊದಲು ಒಂದು ಪ್ರಶ್ನೆ. ಗಿಡದ ಎಲೆ ಮುಟುರಿಕೊಂಡಿದೆ ಅಂತ ನೀವು ಔಷಧಿ ಅಂಗಡಿಗೆ ಹೋಗ್ತೀರಿ. ಅಲ್ಲಿ ನಿಮ್ಮನ್ನು ಕೇಳಬೇಕಾದ ಮೊದಲ ಮಾತು ಯಾವುದು?

"ಎಲೆಯ ಅಂಚು ಮೇಲಕ್ಕೆ ಮಡಚಿದೆಯೋ, ಕೆಳಕ್ಕೆ ಮಡಚಿದೆಯೋ?"

ಮೇಲಕ್ಕೆ, ದೋಣಿಯ ಹಾಗೆ ಮಡಚಿದ್ದರೆ ಹೆಚ್ಚಾಗಿ ಅದು ಥ್ರಿಪ್ಸ್ ನುಸಿಯ ಕೆಲಸ. ಕೆಳಕ್ಕೆ, ಮಗುಚಿಟ್ಟ ದೋಣಿಯ ಹಾಗೆ ಮಡಚಿ, ಎಲೆಯ ತೊಟ್ಟು ಉದ್ದವಾಗಿದ್ದರೆ ಮೈಟ್ ನುಸಿ. ಎರಡಕ್ಕೂ ನಾವು 'ನುಸಿ' ಅಂತೀವಿ, 'ಮುಟುರು' ಅಂತೀವಿ. ಆದರೆ ಥ್ರಿಪ್ಸ್ ಆರು ಕಾಲಿನ ಕೀಟ, ಮೈಟ್ ಎಂಟು ಕಾಲಿನ ಜೇಡರ ಹುಳದ ಕುಲ. ಕೀಟಕ್ಕೆ ಹೊಡೆಯುವ ಎಷ್ಟೋ ಔಷಧಿ ಮೈಟ್‌ಗೆ ತಾಗುವುದೇ ಇಲ್ಲ. ಕೆಲವು ಔಷಧಿ ಹೊಡೆದರೆ ಮೈಟನ್ನು ತಿನ್ನುವ ಮಿತ್ರಜೀವಿಗಳು ಸತ್ತು, ಮೈಟ್ ಇನ್ನೂ ಜಾಸ್ತಿ ಆಗುತ್ತದೆ. ಆಮೇಲೆ ಎರಡನೇ ಬಾಟಲಿ, ಮೂರನೇ ಬಾಟಲಿ. ಖರ್ಚು ಏರುತ್ತದೆ, ಗಿಡ ಏಳುವುದಿಲ್ಲ.

ಇದೇನೂ ಗುಟ್ಟಿನ ವಿಷಯವಲ್ಲ. ತೋಟಗಾರಿಕೆ ಪದವಿ ಓದುವಾಗ ನಾನು ಇದನ್ನು ಪರೀಕ್ಷೆಯಲ್ಲಿ ಬರೆದಿದ್ದೇನೆ. ಕರಪತ್ರಗಳಲ್ಲಿ ಅಚ್ಚಾಗಿದೆ, ಮೊಬೈಲಿನಲ್ಲೂ ಸಿಗುತ್ತದೆ. ಆದರೂ ಹೊಲದಲ್ಲಿ ನಿಂತು ಎಲೆ ತಿರುಗಿಸಿ ನೋಡಿ ನಿರ್ಧಾರ ಮಾಡುವವರು ಕಡಿಮೆ. ಜ್ಞಾನ ಇದೆ, ಹೊಲದ ಬದುವಿನವರೆಗೆ ಬಂದಿದೆ, ಬದು ದಾಟಿ ಒಳಗೆ ಬಂದಿಲ್ಲ. ಯಾಕೆ ಹೀಗೆ? ಈ ವಾರ ಬೆಳೆ ಸಲಹೆಯ ಬದಲು, ಆ ಸಲಹೆ ನಮ್ಮ ತನಕ ಬರುವ ದಾರಿಯ ಬಗ್ಗೆ ಬರೆಯುತ್ತಿದ್ದೇನೆ. ಸರ್ಕಾರಗಳು ಈ ದಾರಿಗೆ ದಶಕಗಳಿಂದ ದುಡ್ಡು ಹಾಕುತ್ತಿವೆ. ಆ ದುಡ್ಡು ನಮ್ಮದೇ. ಹಾಗಾಗಿ ಅದರ ಲೆಕ್ಕ ಕೇಳುವ ಹಕ್ಕೂ ನಮ್ಮದು.

ಓದಿದರೆ ಬೇಸಾಯದಲ್ಲಿ ಲಾಭ ಇದೆಯೇ?

"ಓದಿದವನು ಹೊಲಕ್ಕಿಳಿಯಲ್ಲ, ಹೊಲಕ್ಕಿಳಿದವನಿಗೆ ಓದು ಬೇಕಿಲ್ಲ" ಅನ್ನೋ ಮಾತು ಊರುಗಳಲ್ಲಿ ಕೇಳಿಬರುತ್ತದೆ. ಇದನ್ನು ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿ ನೋಡಿದ್ದಾರೆ.

ಅಮೆರಿಕದ ಥಿಯೋಡರ್ ಶುಲ್ಟ್ಸ್ 1964ರಲ್ಲಿ ಬರೆದ ಪುಸ್ತಕದಲ್ಲಿ ಒಂದು ದೊಡ್ಡ ಮಾತು ಹೇಳಿದರು. ಬಡ ದೇಶಗಳ ರೈತರು ದಡ್ಡರಲ್ಲ, ಸೋಮಾರಿಗಳೂ ಅಲ್ಲ. ಕೈಯಲ್ಲಿರುವ ಭೂಮಿ, ಬೀಜ, ಎತ್ತುಗಳಿಂದ ಎಷ್ಟು ತೆಗೆಯಬಹುದೋ ಅಷ್ಟನ್ನು ಅವರು ಆಗಲೇ ತೆಗೆಯುತ್ತಿದ್ದಾರೆ. ಅದಕ್ಕಿಂತ ಮುಂದೆ ಹೋಗಬೇಕಾದರೆ ಹೊಸ ತಂತ್ರ ಬೇಕು, ಆ ತಂತ್ರವನ್ನು ಅರ್ಥ ಮಾಡಿಕೊಳ್ಳುವ ವಿದ್ಯೆಯ ಮೇಲೆ ದುಡ್ಡು ಹಾಕಬೇಕು. ಶುಲ್ಟ್ಸ್ ಅವರಿಗೆ 1979ರಲ್ಲಿ ಆರ್ಥರ್ ಲೂಯಿಸ್ ಜೊತೆ ನೊಬೆಲ್ ಬಂತು.

1980ರಲ್ಲಿ ಲಾಕ್‌ಹೀಡ್, ಜೇಮಿಸನ್, ಲಾವ್ ಎಂಬ ಮೂವರು ಹಲವು ದೇಶಗಳ ಅಧ್ಯಯನಗಳನ್ನು ಒಟ್ಟು ಹಾಕಿ ನೋಡಿದರು. ನಾಲ್ಕು ವರ್ಷ ಶಾಲೆ ಓದಿದ ರೈತನ ಉತ್ಪಾದನೆ ಓದದವನಿಗಿಂತ ಸರಾಸರಿ ಶೇ. 7.4ರಷ್ಟು ಹೆಚ್ಚು ಇತ್ತು. ಗಮನಿಸಬೇಕಾದ್ದು ಏನೆಂದರೆ, ಹೊಸ ತಳಿ, ಗೊಬ್ಬರ, ಮಾರುಕಟ್ಟೆ ಬಂದಿದ್ದ ಕಡೆ ಈ ಲಾಭ ಹೆಚ್ಚು. ಏನೂ ಬದಲಾಗದೆ ಹಳೇ ಪದ್ಧತಿಯಲ್ಲೇ ಬೇಸಾಯ ನಡೆಯುತ್ತಿದ್ದ ಕಡೆ ಲಾಭ ತೀರಾ ಕಡಿಮೆ. ಆಮೇಲೆ ಫಾಸ್ಟರ್ ಮತ್ತು ರೋಸೆನ್ಜ್‌ವೈಗ್ ಎಂಬಿಬ್ಬರು ಭಾರತದ ಹಸಿರು ಕ್ರಾಂತಿಯ ಕಾಲದ ಅಂಕಿಅಂಶ ಹಿಡಿದು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಇದೇ ಕಂಡಿತು. ಅಧಿಕ ಇಳುವರಿ ತಳಿಗಳಿಂದ ಬೇಸಾಯ ವೇಗವಾಗಿ ಬದಲಾದ ಕಡೆ ಓದಿನ ಬೆಲೆ ಏರಿತ್ತು.

ಅಂದರೆ, ಬಿಡಿಸಬೇಕಾದ ಹೊಸ ಗಂಟು ಇದ್ದಾಗ ಮಾತ್ರ ವಿದ್ಯೆಗೆ ಕೂಲಿ ಸಿಗುತ್ತದೆ. ಈಗ ನಮ್ಮ ಹೊಲಗಳಲ್ಲಿ ಗಂಟುಗಳಿಗೆ ಬರವೇ? ಮಳೆ ಹೇಳಿದ ಹೊತ್ತಿಗೆ ಬರಲ್ಲ, ಮಾರುಕಟ್ಟೆಗೆ ವರ್ಷ ವರ್ಷ ಹೊಸ ಬಾಟಲಿ ಬರುತ್ತದೆ, ಮಲೆನಾಡಿನ ಅಡಿಕೆಗೆ ಎಲೆಚುಕ್ಕಿ ಅಂಟಿದೆ. ಇಂಥ ಕಾಲದಲ್ಲಿ ಕಲಿಕೆಗೆ ಹಾಕುವ ರೂಪಾಯಿಗೆ ಹಿಂದೆಂದಿಗಿಂತ ಹೆಚ್ಚು ಬೆಲೆ ಇದೆ.

ನಾವು ಯಾರನ್ನು ಕೇಳ್ತೀವಿ?

2003ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ದೇಶದ ರೈತ ಕುಟುಂಬಗಳನ್ನು ಈ ಪ್ರಶ್ನೆ ಕೇಳಿದ್ದರು. ನೂರರಲ್ಲಿ ಸುಮಾರು 60 ಕುಟುಂಬಗಳು ಹೊಸ ಕೃಷಿ ತಂತ್ರದ ಮಾಹಿತಿಯನ್ನು ಯಾರಿಂದಲೂ ಪಡೆದಿರಲಿಲ್ಲ. ಪಡೆದವರಲ್ಲಿ ಮೊದಲ ಸ್ಥಾನ ಊರಿನ ಪ್ರಗತಿಪರ ರೈತರಿಗೆ, ಶೇ. 16.7. ಆಮೇಲೆ ಬೀಜ, ಗೊಬ್ಬರ, ಔಷಧಿ ಅಂಗಡಿ, ಶೇ. 13.1. ರೇಡಿಯೊ ಹೆಚ್ಚುಕಡಿಮೆ ಅಂಗಡಿಯಷ್ಟೇ, ಶೇ. 13. ಸರ್ಕಾರದ ವಿಸ್ತರಣಾ ಕಾರ್ಯಕರ್ತರನ್ನು ಕೇಳಿದವರು ಶೇ. 5.7. ಕೃಷಿ ವಿಜ್ಞಾನ ಕೇಂದ್ರದ ಹೆಸರು ಹೇಳಿದವರು ಶೇ. 0.7. ಹತ್ತು ವರ್ಷ ಬಿಟ್ಟು 2013ರಲ್ಲಿ ಮತ್ತೆ ಸಮೀಕ್ಷೆ ಮಾಡಿದಾಗಲೂ, ತಾಂತ್ರಿಕ ಸಲಹೆ ಸಿಕ್ಕ ಕುಟುಂಬಗಳ ಪ್ರಮಾಣ ಶೇ. 41ರ ಆಸುಪಾಸಿನಲ್ಲೇ ಇತ್ತು.

ಅಂಗಡಿಯವರನ್ನು ಬೈದು ಪ್ರಯೋಜನ ಇಲ್ಲ. ಅವರ ಬಾಗಿಲು ಬೆಳಗ್ಗೆ ತೆರೆದಿರುತ್ತದೆ, ಉದ್ರಿ ಕೊಡ್ತಾರೆ, ನಮ್ಮನ್ನು ಹೆಸರು ಹಿಡಿದು ಮಾತಾಡಿಸ್ತಾರೆ. ಹೈದರಾಬಾದಿನ ಮ್ಯಾನೇಜ್ ಸಂಸ್ಥೆ 2003ರಲ್ಲಿ ಅಂಗಡಿಯವರಿಗೇ ಒಂದು ಡಿಪ್ಲೊಮಾ ಶುರು ಮಾಡಿತು. ಅದಕ್ಕೆ 'ದೇಸಿ' ಅಂತ ಹೆಸರು. 48 ವಾರ, ವಾರಕ್ಕೊಂದು ದಿನ, ಭಾನುವಾರ ಅಥವಾ ಸಂತೆಯ ರಜೆಯ ದಿನ ಪಾಠ. ಒಳ್ಳೆಯ ಕೆಲಸವೇ. ಆದರೂ ಬಾಟಲಿ ಮಾರಿ ಬದುಕುವವರಿಂದ "ಈ ವಾರ ಏನೂ ಹೊಡೆಯೋದು ಬೇಡ, ನೋಡ್ತಾ ಇರಿ" ಎಂಬ ಸಲಹೆಯನ್ನು ನಾವು ಎಷ್ಟು ಸಲ ನಿರೀಕ್ಷಿಸಬಹುದು? ಬಹಳ ಸಲ ರೈತನಿಗೆ ಬೇಕಾದ ಸಲಹೆ ಅದೇ.

ಮೈಲುತುತ್ತ ಗೆದ್ದದ್ದು ಹೇಗೆ?

ಸರ್ಕಾರಿ ಜ್ಞಾನ ರೈತರ ಸ್ವಂತ ಜ್ಞಾನವಾದ ಒಂದು ಉದಾಹರಣೆ ನಮ್ಮಲ್ಲೇ ಇದೆ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದರು. ಆಗ ಮಲೆನಾಡಿನ ಅಡಿಕೆ ತೋಟಗಳನ್ನು ಮಳೆಗಾಲದ ಕೊಳೆರೋಗ ತಿನ್ನುತ್ತಿತ್ತು. ಕೊನೆಗಳಿಗೆ ಕೊಟ್ಟೆ ಕಟ್ಟಿ ಮಳೆನೀರು ತಾಗದ ಹಾಗೆ ಕಾಪಾಡುವುದು ಬೆಳೆಗಾರರು ಕಂಡುಕೊಂಡಿದ್ದ ಉಪಾಯ. ಕೋಲ್ಮನ್ ರೋಗದ ಶಿಲೀಂಧ್ರವನ್ನು ಅಧ್ಯಯನ ಮಾಡಿ 1910ರಲ್ಲಿ ವರದಿ ಬರೆದರು. ಫ್ರಾನ್ಸಿನ ದ್ರಾಕ್ಷಿ ತೋಟಗಳಿಗೆಂದು 1880ರ ದಶಕದಲ್ಲಿ ರೂಪುಗೊಂಡಿದ್ದ ಬೋರ್ಡೋ ದ್ರಾವಣವನ್ನು, ಮಲೆನಾಡಿನ ಜಡಿಮಳೆಗೆ ತೊಳೆದುಹೋಗದಂತೆ ರಾಳದ ಅಂಟು ಸೇರಿಸಿ, ಅಡಿಕೆಗೆ ಹೊಂದಿಸಿದರು.

ನೂರು ವರ್ಷ ಕಳೆದಿದೆ. ಈಗ ಯಾವ ಅಡಿಕೆ ಬೆಳೆಗಾರರೂ ಇದನ್ನು ಸರ್ಕಾರಿ ಸಲಹೆ ಅನ್ನುವುದಿಲ್ಲ. ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕು. ಕಬ್ಬಿಣದ ಪಾತ್ರೆ ಬೇಡ. ಹದ ಸರಿ ಇದೆಯೋ ಇಲ್ಲವೋ ನೋಡಲು ಉಜ್ಜಿ ಹೊಳಪು ಮಾಡಿದ ಚಾಕು ಅದ್ದಿ ನೋಡುವುದು. ಅಲಗಿಗೆ ಕೆಂಪು ತಾಮ್ರ ಹತ್ತಿದರೆ ಸುಣ್ಣ ಸಾಲದು. ಕೊನೆಗೌಡನಿಗೂ ಗೊತ್ತು, ಮನೆಯ ಹುಡುಗರಿಗೂ ಗೊತ್ತು. ಮಿತಿಯೊಳಗೆ ಬಳಸಲು ಸಾವಯವ ಪ್ರಮಾಣೀಕರಣದಲ್ಲೂ ಅವಕಾಶ ಇದೆ.

ಇದು ಹಬ್ಬಿದ್ದಕ್ಕೆ ಮೂರು ಕಾರಣ ಕಾಣುತ್ತವೆ. ಅಳತೆ ಸುಲಭ, ಬಾಯಿಂದ ಬಾಯಿಗೆ ಹೋಗುತ್ತದೆ. ಫಲ ಕಣ್ಣಿಗೆ ಕಾಣುತ್ತದೆ, ಹೊಡೆದ ಮರ ಹೊಡೆಯದ ಮರ ಪಕ್ಕದಲ್ಲೇ ಇರುತ್ತವೆ. ಮೂರನೆಯದು ಚಾಕುವಿನ ಪರೀಕ್ಷೆ. ಸರಿಯೋ ತಪ್ಪೋ ಅಂತ ರೈತನೇ ಪರೀಕ್ಷೆ ಮಾಡಿಕೊಳ್ಳಬಹುದು, ಯಾರನ್ನೂ ಕೇಳಬೇಕಿಲ್ಲ.

ಇಂಥದ್ದನ್ನು ನಾನು 'ಚೀಟಿಯ ಜ್ಞಾನ' ಅಂತೀನಿ. ಒಂದು ಚೀಟಿಯಲ್ಲಿ ಬರೆದು ಕೊಡಬಹುದು. ಇದಕ್ಕೆ ಕರಪತ್ರ ಸಾಕು, ರೇಡಿಯೊ ಸಾಕು, ವಾಟ್ಸಾಪ್ ಸಾಕು. ಇದೇ ಜಾತಿಗೆ ಸೇರಿದ್ದು 2009ರಲ್ಲಿ ಕರ್ನಾಟಕದಲ್ಲಿ ಶುರುವಾದ ಭೂಚೇತನ. ಕೃಷಿ ಇಲಾಖೆ ಮತ್ತು ಇಕ್ರಿಸ್ಯಾಟ್ ಸೇರಿ ಮಳೆಯಾಶ್ರಿತ ಜಮೀನುಗಳ ಮಣ್ಣು ಪರೀಕ್ಷಿಸಿದಾಗ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡುಬಂತು. ಜಿಪ್ಸಂ, ಸತುವಿನ ಸಲ್ಫೇಟ್, ಬೋರಾಕ್ಸ್ ಇಷ್ಟಿಷ್ಟು ಹಾಕಿ ಅಂತ ಹಳ್ಳಿಯವರೇ ಆದ ರೈತ ಅನುವುಗಾರರ ಮೂಲಕ ಹೇಳಿಸಿದರು. ಇಳುವರಿಯನ್ನು ಶೇ. 20ರಷ್ಟು ಏರಿಸುವ ಗುರಿ ಇತ್ತು. ಚೀಟಿ ಸರಿಯಾಗಿತ್ತು, ಹೇಳುವವರು ಊರಲ್ಲೇ ಇದ್ದರು.

ಒಂದೇ ಚೀಟಿ ಎಲ್ಲರಿಗೂ ಕೊಟ್ಟಾಗ

ತೊಂದರೆ ಶುರುವಾಗುವುದು ಎಲ್ಲ ಜ್ಞಾನವನ್ನೂ ಚೀಟಿಗೆ ಇಳಿಸಲು ಹೋದಾಗ.

1970ರ ದಶಕದಲ್ಲಿ ಡೇನಿಯಲ್ ಬೆನೋರ್ ಎಂಬ ತಜ್ಞರು ರೂಪಿಸಿದ 'ತರಬೇತಿ ಮತ್ತು ಭೇಟಿ' ಪದ್ಧತಿಯನ್ನು ವಿಶ್ವಬ್ಯಾಂಕ್ ಭಾರತವೂ ಸೇರಿ ಏಷ್ಯಾ, ಆಫ್ರಿಕಾದ ಹತ್ತಾರು ದೇಶಗಳಿಗೆ ಒಯ್ಯಿತು. ಯೋಜನೆ ಕಾಗದದ ಮೇಲೆ ಅಚ್ಚುಕಟ್ಟು. ಒಬ್ಬ ಗ್ರಾಮ ಕಾರ್ಯಕರ್ತ, ಅವನ ಕ್ಷೇತ್ರದಲ್ಲಿ ಎಂಟು ಗುಂಪು, ಹದಿನೈದು ದಿನಕ್ಕೊಮ್ಮೆ ಗೊತ್ತಾದ ದಿನ ಗೊತ್ತಾದ ಗುಂಪಿಗೆ ಭೇಟಿ. ಪ್ರತಿ ಗುಂಪಿನಲ್ಲಿ ಕೆಲವರು 'ಸಂಪರ್ಕ ರೈತರು'. ವಿಜ್ಞಾನಿ ಅಧಿಕಾರಿಗೆ ಹೇಳಬೇಕು, ಅಧಿಕಾರಿ ಕಾರ್ಯಕರ್ತನಿಗೆ, ಕಾರ್ಯಕರ್ತ ಸಂಪರ್ಕ ರೈತನಿಗೆ, ಅವನು ಊರಿಗೆ. ಮೇಲಿನಿಂದ ಕೆಳಗೆ, ಕಾಲುವೆಯ ನೀರಿನ ಹಾಗೆ.

ನೀರಾವರಿ ಇದ್ದು ಎಲ್ಲರೂ ಒಂದೇ ತಳಿಯ ಗೋಧಿ, ಭತ್ತ ಹಾಕುವ ಕಡೆ ಇದರಿಂದ ಅನುಕೂಲ ಆಯಿತು. ಆದರೆ ಮಳೆ ನಂಬಿದ, ಬದುವಿಗೊಂದು ಬೆಳೆ ಇರುವ ಊರಿನಲ್ಲಿ ಹದಿನೈದು ದಿನಕ್ಕೊಂದು ಹೊಸ ಸಂದೇಶ ಎಲ್ಲಿಂದ ತರುವುದು? ಹೇಳಿದ್ದನ್ನೇ ಹೇಳುವ ಹಾಗಾಯಿತು. ಸಂಪರ್ಕ ರೈತರು ಬಹಳ ಕಡೆ ಊರಿನ ಅನುಕೂಲಸ್ಥರು. ಅವರ ಹೊಲದ ಮಾತು ಎರಡು ಎಕರೆಯವನ ಹೊಲಕ್ಕೆ ಹೊಂದುತ್ತಿರಲಿಲ್ಲ. ಖರ್ಚೂ ವಿಪರೀತ. 1990ರ ದಶಕದಲ್ಲಿ ವಿಶ್ವಬ್ಯಾಂಕೇ ಇದರಿಂದ ಹಿಂದೆ ಸರಿಯಿತು. ಕಾಲುವೆಯಲ್ಲಿ ನೀರು ಮೇಲಕ್ಕೆ ಹರಿಯುವ ದಾರಿಯೇ ಇರಲಿಲ್ಲ. ಹೊಲದಲ್ಲಿ ಕಂಡದ್ದು ವಿಜ್ಞಾನಿಯ ಕಿವಿಗೆ ಬೀಳುತ್ತಿರಲಿಲ್ಲ.

ಇಂಡೋನೇಷ್ಯಾದ ಗದ್ದೆಯಲ್ಲಿ ಆದದ್ದು

ಎರಡನೇ ಬಗೆಯ ಜ್ಞಾನಕ್ಕೆ ದೊಡ್ಡ ಪಾಠ ಸಿಕ್ಕಿದ್ದು ಇಂಡೋನೇಷ್ಯಾದಲ್ಲಿ. ಗಂಗಾವತಿ, ಸಿಂಧನೂರು ಕಡೆಯ ಭತ್ತದ ರೈತರಿಗೆ ಕಂದು ಜಿಗಿಹುಳು ಹೊಸದಲ್ಲ. ಗದ್ದೆಯ ನಡುವೆ ಸುಟ್ಟ ಹಾಗೆ ವೃತ್ತ ವೃತ್ತವಾಗಿ ಒಣಗುತ್ತದಲ್ಲ, ಅದೇ. ಇಂಡೋನೇಷ್ಯಾ ಸರ್ಕಾರ ಭತ್ತ ಹೆಚ್ಚಿಸಲು ಕೀಟನಾಶಕಕ್ಕೆ ಭಾರೀ ಸಬ್ಸಿಡಿ ಕೊಡುತ್ತಿತ್ತು. ಒಂದು ಹಂತದಲ್ಲಿ ಬೆಲೆಯ ಶೇ. 80ಕ್ಕಿಂತ ಹೆಚ್ಚು ಭಾಗ ಸರ್ಕಾರದ್ದೇ. ರೈತರು ಧಾರಾಳವಾಗಿ ಹೊಡೆದರು. ಜಿಗಿಹುಳು ಮಾತ್ರ ಕಡಿಮೆ ಆಗಲಿಲ್ಲ. 1970ರ ದಶಕದ ನಡುವೆ ಒಮ್ಮೆ ಗದ್ದೆಗಳನ್ನು ಹಾಳು ಮಾಡಿತ್ತು, 1984ರಲ್ಲಿ ದೇಶ ಅಕ್ಕಿಯಲ್ಲಿ ಸ್ವಾವಲಂಬಿ ಆಯಿತು ಅಂದುಕೊಂಡ ಮೇಲೆ 1985-86ರಲ್ಲಿ ಮತ್ತೆ ಎರಗಿತು.

ಕಾರಣ ವಿಜ್ಞಾನಿಗಳಿಗೆ ಗೊತ್ತಾಗಿತ್ತು. ಜಿಗಿಹುಳದ ಮೊಟ್ಟೆ ಭತ್ತದ ಗರಿಯ ಬುಡದ ಒಳಗೆ ಭದ್ರವಾಗಿರುತ್ತದೆ. ಔಷಧಿಗೆ ಸಾಯುವುದು ಮೇಲೆ ಓಡಾಡುವ ಜೇಡ, ಮಿತ್ರ ತಿಗಣೆ, ಗುಲಗಂಜಿ ಹುಳು. ಮೊಟ್ಟೆಯೊಡೆದು ಬಂದ ಮರಿಗಳಿಗೆ ಆಗ ಶತ್ರುವೇ ಇಲ್ಲ. ಔಷಧಿ ಹೆಚ್ಚಾದಷ್ಟೂ ಹುಳು ಹೆಚ್ಚು.

1986ರ ನವೆಂಬರ್‌ನಲ್ಲಿ ಅಧ್ಯಕ್ಷ ಸುಹಾರ್ತೊ ಆದೇಶ ಹೊರಡಿಸಿ 57 ಬಗೆಯ ಕೀಟನಾಶಕಗಳನ್ನು ಭತ್ತಕ್ಕೆ ಬಳಸದಂತೆ ನಿಷೇಧಿಸಿದರು. 1989ರ ಹೊತ್ತಿಗೆ ಸಬ್ಸಿಡಿಯನ್ನೂ ತೆಗೆದರು. ಅದೇ ವರ್ಷ ರೈತರ ಕ್ಷೇತ್ರ ಪಾಠಶಾಲೆಗಳು ಶುರುವಾದವು. ಸುಮಾರು ಹತ್ತು ವರ್ಷದಲ್ಲಿ ಹತ್ತು ಲಕ್ಷ ರೈತರು ಅಲ್ಲಿ ಕಲಿತರು. ಔಷಧಿ ಕಡಿಮೆಯಾದರೂ ದೇಶದ ಭತ್ತದ ಉತ್ಪಾದನೆ ಕುಸಿಯಲಿಲ್ಲ.

ಶಾಲೆ ಅಂದರೆ ಕಟ್ಟಡ ಇಲ್ಲ, ಗದ್ದೆಯೇ ಶಾಲೆ. ಇಪ್ಪತ್ತೈದು ಜನ, ವಾರಕ್ಕೊಂದು ಬೆಳಗ್ಗೆ, ನಾಟಿಯಿಂದ ಕೊಯ್ಲಿನ ತನಕ. ಅಲ್ಲಿನ ತರಬೇತುದಾರರಿಗೆ ಒಂದು ಕಟ್ಟುಪಾಡು ಇತ್ತು. ರೈತ ಒಂದು ಹುಳ ಹಿಡಿದು "ಇದೇನು?" ಅಂತ ಕೇಳಿದರೆ ನೇರ ಉತ್ತರ ಕೊಡಬಾರದು. "ಎಲ್ಲಿ ಸಿಕ್ತು? ಏನು ಮಾಡ್ತಾ ಇತ್ತು? ಎಷ್ಟು ಇದ್ದವು?" ಅಂತ ಮರುಪ್ರಶ್ನೆ ಹಾಕಬೇಕು. ಹೆಸರು ಹೇಳಿದರೆ ಮುಂದಿನ ಪ್ರಶ್ನೆ "ಇದಕ್ಕೆ ಯಾವ ಔಷಧಿ?" ಅಂತಲೇ ಬರುತ್ತದೆ. ಅದು ಯಾರನ್ನು ತಿನ್ನುತ್ತದೆ ಅಂತ ಅವನೇ ಬಾಟಲಿಯಲ್ಲಿ ಹಾಕಿ ನೋಡಿದರೆ ಆ ಪಾಠ ಮರೆಯುವುದಿಲ್ಲ.

ಇದು 'ಕಣ್ಣಿನ ಜ್ಞಾನ'. ಎಲೆ ಮೇಲಕ್ಕೆ ಮಡಚಿದೆಯೋ ಕೆಳಕ್ಕೋ ಅನ್ನುವುದೂ ಇದೇ ಜಾತಿ. ಯಾವಾಗ ಹೊಡೆಯಬೇಕು ಅನ್ನುವುದಕ್ಕಿಂತ ಯಾವಾಗ ಸುಮ್ಮನಿರಬೇಕು ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಪಕ್ಕದ ಗದ್ದೆಗೆ ಹೋಗಲಿಲ್ಲ

ಈ ಕತೆಗೆ ಇನ್ನೊಂದು ಮುಖ ಇದೆ, ಅದನ್ನು ಮುಚ್ಚಿಡಬಾರದು. ವಿಶ್ವಬ್ಯಾಂಕಿನ ಸಂಶೋಧಕರು ಇಂಡೋನೇಷ್ಯಾದ ರೈತರನ್ನು ಸುಮಾರು ಎಂಟು ವರ್ಷಗಳ ಅಂತರದಲ್ಲಿ ಎರಡು ಸಲ ಸಮೀಕ್ಷೆ ಮಾಡಿ, 2004ರಲ್ಲಿ ಪ್ರಕಟಿಸಿದರು. ಶಾಲೆಗೆ ಹೋದವರಿಗೆ ತಿಳಿವಳಿಕೆ ಸ್ವಲ್ಪ ಹೆಚ್ಚಿತ್ತು. ಆದರೆ ಇಳುವರಿಯಲ್ಲಾಗಲಿ ಔಷಧಿ ಬಳಕೆಯಲ್ಲಾಗಲಿ ಹೇಳಿಕೊಳ್ಳುವ ವ್ಯತ್ಯಾಸ ಆ ಅಂಕಿಅಂಶದಲ್ಲಿ ಕಾಣಲಿಲ್ಲ. ಅಕ್ಕಪಕ್ಕದವರಿಗೂ ಆ ತಿಳಿವಳಿಕೆ ಹಬ್ಬಿರಲಿಲ್ಲ. ಬೇರೆ ಹಲವು ಅಧ್ಯಯನಗಳಲ್ಲಿ ಶಾಲೆಯಲ್ಲಿ ಕಲಿತವರ ಔಷಧಿ ಖರ್ಚು ಚೆನ್ನಾಗಿ ಇಳಿದದ್ದು ಕಂಡಿದೆ. ಹಾಗಾಗಿ ವಾದ ಇನ್ನೂ ಇದೆ.

ನನಗೆ ಮುಖ್ಯ ಅನಿಸಿದ್ದು ಪಕ್ಕದ ಗದ್ದೆಯ ವಿಷಯ. ಒಬ್ಬ ರೈತ ವಾರ ವಾರ ಗದ್ದೆಯಲ್ಲಿ ಕೂತು ಕಲಿತದ್ದನ್ನು ಪಕ್ಕದವನಿಗೆ ಚಹದಂಗಡಿಯಲ್ಲಿ ಹತ್ತು ನಿಮಿಷದಲ್ಲಿ ಹೇಗೆ ದಾಟಿಸುತ್ತಾನೆ? "ಮೈಲುತುತ್ತ ಒಂದು ಕಿಲೋ" ಅಂತ ಹೇಳಬಹುದು. "ಜೇಡ ಇಷ್ಟಿದ್ದರೆ ಜಿಗಿಹುಳು ಅಷ್ಟಿದ್ದರೂ ಹೆದರಬೇಡ" ಅಂತ ಹೇಳಿದರೆ ನಂಬುವುದು ಕಷ್ಟ. ಅವನ ಕಣ್ಣಿಗೆ ಜೇಡವೇ ಬೀಳುವುದಿಲ್ಲ. ಈಜುವುದನ್ನು ಮಾತಲ್ಲಿ ಹೇಳಿಕೊಟ್ಟ ಹಾಗೆ ಆಗುತ್ತದೆ.

ಇಲ್ಲಿಂದ ನೀತಿಗೆ ಒಂದು ಸೂತ್ರ ಸಿಗುತ್ತದೆ. ಚೀಟಿಯ ಜ್ಞಾನವನ್ನು ಊರಿಗೊಬ್ಬರಿಗೆ ಹೇಳಿದರೂ ಹಬ್ಬುತ್ತದೆ. ಕಣ್ಣಿನ ಜ್ಞಾನ ಹಾಗೆ ಹಬ್ಬುವುದಿಲ್ಲ. ಅದನ್ನು ಪ್ರತಿಯೊಬ್ಬರೂ ಹೊಲದಲ್ಲಿ ಕೂತೇ ಕಲಿಯಬೇಕು, ಕಲಿಸುವವರು ಊರಲ್ಲೇ ಇರಬೇಕು. ನಮ್ಮ ಯೋಜನೆಗಳು ಮಾಡುತ್ತಿರುವುದು ಏನೆಂದರೆ, ಕಣ್ಣಿನ ಜ್ಞಾನವನ್ನೂ ಚೀಟಿಯ ದಾರಿಯಲ್ಲಿ ಕಳಿಸುವುದು. ಒಂದು ದಿನದ ತರಬೇತಿ, ಒಂದು ಊಟ, ಒಂದು ಕರಪತ್ರ, ಒಂದು ಫೋಟೊ. ಆಮೇಲೆ "ರೈತರು ಅಳವಡಿಸಿಕೊಳ್ಳಲಿಲ್ಲ" ಅಂತ ವರದಿ.

ಸರ್ಕಾರದಿಂದ ನಾವು ಏನು ಕೇಳಬೇಕು?

ಹೊಸ ಕಟ್ಟಡಗಳನ್ನಲ್ಲ. ಕರ್ನಾಟಕದಲ್ಲಿ ಈಗಾಗಲೇ ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದೆ. ದೇಶದಲ್ಲಿ 700ಕ್ಕೂ ಹೆಚ್ಚು ಕೃಷಿ ವಿಜ್ಞಾನ ಕೇಂದ್ರಗಳಿವೆ, ಮೊದಲನೆಯದು 1974ರಲ್ಲಿ ಪುದುಚೇರಿಯಲ್ಲಿ ಶುರುವಾದದ್ದು. ಬೆಂಗಳೂರು, ಧಾರವಾಡ, ರಾಯಚೂರು, ಬಾಗಲಕೋಟೆ, ಶಿವಮೊಗ್ಗದಲ್ಲಿ ಕೃಷಿ, ತೋಟಗಾರಿಕೆ ವಿಶ್ವವಿದ್ಯಾಲಯಗಳಿವೆ. ಬೇಕಾದ್ದು ಈ ನಾಲ್ಕು.

ಒಂದು, ಲೆಕ್ಕ ಬದಲಾಗಬೇಕು. "ಎಷ್ಟು ಜನ ತರಬೇತಿಗೆ ಬಂದರು" ಅಂತ ಎಣಿಸುವುದು ಸಾಕು. ಹಂಗಾಮು ಮುಗಿದ ಮೇಲೆ ಎಷ್ಟು ಜನ ಹೊಲದಲ್ಲಿ ಮೂರು ಮಿತ್ರಕೀಟ ಗುರುತಿಸಿದರು, ಔಷಧಿ ಖರ್ಚು ಎಷ್ಟು ಇಳಿಯಿತು ಅಂತ ಎಣಿಸಲಿ.

ಎರಡು, ಊರಿನವರಿಗೇ ಸಂಬಳ ಕೊಡಲಿ. ಅನುವುಗಾರರ ವ್ಯವಸ್ಥೆ ಒಳ್ಳೆಯದಿತ್ತು. ಆದರೆ ಯೋಜನೆಗೊಮ್ಮೆ ಬಂದು ಹೋಗುವ ಗೌರವಧನದಲ್ಲಿ ಯಾರೂ ನಿಲ್ಲುವುದಿಲ್ಲ. ಆಂಧ್ರಪ್ರದೇಶದ ನೈಸರ್ಗಿಕ ಕೃಷಿ ಕಾರ್ಯಕ್ರಮದಲ್ಲಿ ಸ್ವತಃ ಮಾಡಿ ನೋಡಿದ ರೈತರನ್ನೇ ತರಬೇತುದಾರರನ್ನಾಗಿ ಬೇರೆ ಊರಿಗೆ ಕಳಿಸುತ್ತಾರೆ, ಮಹಿಳಾ ಸ್ವಸಹಾಯ ಸಂಘಗಳ ಮೂಲಕ ಕೆಲಸ ನಡೆಯುತ್ತದೆ. ನೋಡಿ ಕಲಿಯಬೇಕಾದ್ದು ಇದೆ.

ಮೂರು, ಪದವೀಧರರನ್ನು ಹೊಲಕ್ಕೆ ತರಲಿ. ಕೃಷಿ, ತೋಟಗಾರಿಕೆ ಪದವಿಯ ಕೊನೇ ವರ್ಷದಲ್ಲಿ ಹಳ್ಳಿಯಲ್ಲಿದ್ದು ಕಲಿಯುವ 'ರಾವೆ' ಕಾರ್ಯಕ್ರಮ ಇದೆ. ನಾಲ್ಕು ವರ್ಷದ ಓದಿನಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಅದೇ. ಯಾವ ಸಾಲು ಮೊದಲು ಹಳದಿಯಾಯಿತು ಅಂತ ಕಳೆ ತೆಗೆಯುವ ಅಕ್ಕಂದಿರಿಗೆ ಗೊತ್ತಿರುತ್ತಿತ್ತು, ನಮ್ಮ ಪುಸ್ತಕದಲ್ಲಿ ಇರುತ್ತಿರಲಿಲ್ಲ. ವಿದ್ಯಾರ್ಥಿಗಳು ಹೋದ ಹಳ್ಳಿಯಲ್ಲಿ ಒಂದು ಬೆಳೆಯ ಪೂರ್ತಿ ಹಂಗಾಮು ಪಾಠಶಾಲೆ ನಡೆಸುವುದನ್ನು ಕಡ್ಡಾಯ ಮಾಡಿದರೆ ಇಬ್ಬರಿಗೂ ಲಾಭ. ಈಗ ಹೆಚ್ಚಿನವರು ಪದವಿ ಮುಗಿದ ಕೂಡಲೇ ಬ್ಯಾಂಕ್ ಪರೀಕ್ಷೆಗೋ ಔಷಧಿ ಕಂಪನಿಗೋ ಹೋಗುತ್ತಾರೆ. ತಪ್ಪು ಅವರದ್ದಲ್ಲ, ಊರಲ್ಲಿ ನಿಂತು ಕಲಿಸುವವರಿಗೆ ಸಂಬಳದ ಹುದ್ದೆಗಳು ತೀರಾ ಕಡಿಮೆ.

ನಾಲ್ಕು, ನೀರು ಮೇಲಕ್ಕೂ ಹರಿಯಲಿ. ಪುತ್ತೂರಿನಿಂದ 1988ರಲ್ಲಿ ಶುರುವಾದ ಅಡಿಕೆ ಪತ್ರಿಕೆ "ಕೃಷಿಕರ ಕೈಗೆ ಲೇಖನಿ" ಅಂತ ಹೊರಟು, ರೈತರಿಗೇ ಬರೆಯಲು ಕಲಿಸಿ ಅವರ ಅನುಭವವನ್ನು ಅಚ್ಚು ಹಾಕಿತು. ಅಂಥ ಕೆಲಸವನ್ನು ಇಲಾಖೆಯೂ ಮಾಡಬಹುದು. ಪ್ರತಿ ಕೃಷಿ ವಿಜ್ಞಾನ ಕೇಂದ್ರ ವರ್ಷಕ್ಕೆ ಹತ್ತು ರೈತರ ಪ್ರಯೋಗಗಳನ್ನು, ಸೋತದ್ದೂ ಸೇರಿ, ದಾಖಲಿಸಿ ಪ್ರಕಟಿಸಲಿ.

ನಿಮ್ಮ ಊರಲ್ಲೇ ಶುರು ಮಾಡುವುದಾದರೆ

ಸರ್ಕಾರ ಮಾಡುವ ತನಕ ಕಾಯಬೇಕಿಲ್ಲ. ಹದಿನೈದು ಜನ ಸಿಕ್ಕಿದರೆ ಸಾಕು.

- ಒಂದೇ ಬೆಳೆ ಹಾಕುವವರು ಸೇರಿ. ಮೆಣಸಿನಕಾಯಿ, ಬದನೆ, ಟೊಮೆಟೊ, ಭತ್ತ ಯಾವುದೂ ಆಗಬಹುದು. ಹೆಂಗಸರು ಇರಲೇಬೇಕು. ಗಿಡದ ಹತ್ತಿರ ಹೆಚ್ಚು ಹೊತ್ತು ಕಳೆಯುವವರು ಅವರೇ.
- ವಾರಕ್ಕೊಂದು ದಿನ, ಬೆಳಗ್ಗೆ ಎರಡು ಗಂಟೆ. ನಾಟಿಯಿಂದ ಕೊಯ್ಲಿನ ತನಕ ತಪ್ಪಿಸಬೇಡಿ.
- ಒಂದೇ ಹೊಲದಲ್ಲಿ ಎರಡು ತುಂಡು ಗುರುತು ಮಾಡಿ. ಒಂದರಲ್ಲಿ ಎಂದಿನ ಪದ್ಧತಿ, ಇನ್ನೊಂದರಲ್ಲಿ ಗುಂಪು ನಿರ್ಧರಿಸಿದ್ದು ಮಾತ್ರ.
- ಐದೈದು ಜನರ ಗುಂಪಾಗಿ, ಪ್ರತಿ ತುಂಡಿನಲ್ಲಿ ಹತ್ತು ಗಿಡ ನೋಡಿ. ಎಲೆಯ ಹಿಂಭಾಗ, ಚಿಗುರು, ಬುಡ ನೋಡಿ. ಹಾನಿ ಮಾಡುವ ಹುಳು ಎಷ್ಟು, ಮಿತ್ರಕೀಟ ಎಷ್ಟು, ರೋಗ ಎಷ್ಟು ಎಲೆಗೆ, ಮಣ್ಣಿನ ತೇವ ಹೇಗಿದೆ ಬರೆದುಕೊಳ್ಳಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಸಣ್ಣ ಭೂತಗನ್ನಡಿ ಗುಂಪಿಗೊಂದು ಇರಲಿ.
- ಮರದ ಕೆಳಗೆ ಕೂತು ದೊಡ್ಡ ಹಾಳೆಯಲ್ಲಿ ಚಿತ್ರ ಬರೆಯಿರಿ. ನಡುವೆ ಗಿಡ, ಒಂದು ಪಕ್ಕ ಶತ್ರು, ಇನ್ನೊಂದು ಪಕ್ಕ ಮಿತ್ರ, ಮೇಲೆ ಆ ವಾರದ ಬಿಸಿಲು ಮಳೆ. ಓದು ಬಾರದವರಿಗೂ ಇದು ಅರ್ಥವಾಗುತ್ತದೆ.
- ಹೋದ ವಾರದ ಚಿತ್ರದ ಪಕ್ಕ ಇಟ್ಟು ಮಾತಾಡಿ. ಏನು ಬದಲಾಯಿತು? ಈ ವಾರ ಏನು ಮಾಡೋಣ? 'ಏನೂ ಮಾಡೋದು ಬೇಡ' ಅನ್ನುವುದೂ ಒಂದು ನಿರ್ಧಾರ.
- ಯಾವ ಹುಳು ಯಾವುದನ್ನು ತಿನ್ನುತ್ತದೆ ಅನ್ನುವ ಅನುಮಾನ ಬಂದರೆ ಎರಡನ್ನೂ ಪಾರದರ್ಶಕ ಡಬ್ಬಿಗೆ ಹಾಕಿ, ತೆಳು ಬಟ್ಟೆ ಕಟ್ಟಿ, ನೆರಳಲ್ಲಿಟ್ಟು ಮರುದಿನ ನೋಡಿ.
- ಎರಡೂ ತುಂಡಿನ ಖರ್ಚು, ಇಳುವರಿ, ಮಾರಿದ ಬೆಲೆ ಬರೆದಿಡಿ. ಕೊನೆಗೆ ತೀರ್ಮಾನ ಮಾಡುವುದು ಈ ಲೆಕ್ಕ.

ಮಾರ್ಗದರ್ಶನ ಬೇಕಾದರೆ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ 'ಆತ್ಮ' ಯೋಜನೆಯ ಕ್ಷೇತ್ರ ಪಾಠಶಾಲೆ ಬಗ್ಗೆ ವಿಚಾರಿಸಿ. ಒಬ್ಬರು ಹೋಗಿ ಕೇಳುವುದಕ್ಕಿಂತ ಹದಿನೈದು ಜನರ ಸಹಿ ಇರುವ ಅರ್ಜಿ ಕೊಟ್ಟರೆ ಕೆಲಸ ಬೇಗ ಆಗುತ್ತದೆ. ಬೆಂಗಳೂರಿನಲ್ಲಿರುವ ಕೇಂದ್ರೀಯ ಸಮಗ್ರ ಪೀಡೆ ನಿರ್ವಹಣಾ ಕೇಂದ್ರದವರೂ ಇಂಥ ಪಾಠಶಾಲೆ ನಡೆ��ುತ್ತಾರೆ. ಚೀಟಿಯಲ್ಲಿ ಮುಗಿಯುವ ಪ್ರಶ್ನೆಗಳಿಗೆ, ಅಂದರೆ ಪ್ರಮಾಣ, ತಳಿ, ಬಿತ್ತನೆ ಸಮಯದಂಥವಕ್ಕೆ, ಕಿಸಾನ್ ಕಾಲ್ ಸೆಂಟರ್ 1800-180-1551 ಇದೆ, ಕನ್ನಡದಲ್ಲೇ ಮಾತಾಡಬಹುದು, ಕರೆ ಉಚಿತ.

ಮೊದಲ ಹಂಗಾಮಿನಲ್ಲೇ ಪವಾಡ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಮೊದಲ ನಾಲ್ಕೈದು ವಾರ ಬೇಜಾರೂ ಆಗಬಹುದು, ಎಲೆ ತಿರುಗಿಸಿ ನೋಡುವುದರಲ್ಲಿ ಏನಿದೆ ಅಂತ ಕೆಲವರು ಬಿಟ್ಟು ಹೋಗಬಹುದು. ಉಳಿದವರು ಹಂಗಾಮು ಮುಗಿಯುವಾಗ ಖರ್ಚಿನ ಎರಡು ಪಟ್ಟಿಯನ್ನು ಪಕ್ಕಪಕ್ಕ ಇಟ್ಟು ನೋಡಲಿ. ಮುಂಗಾರಿನ ನಾಟಿಗೆ ಮೊದಲು ಗುಂಪು ಮಾಡಿಕೊಂಡವರು ನಿಮ್ಮ ಬೆಳೆ, ಊರು, ಎಷ್ಟು ಜನ ಇದ್ದೀರಿ ಅಂತ ಬರೆದು ತಿಳಿಸಿ. ಯಾವ ಬೆಳೆಯಲ್ಲಿ ಯಾವ ವಾರ ಏನು ನೋಡಬೇಕು ಅನ್ನುವ ಪಟ್ಟಿಯನ್ನು ಮುಂದಿನ ವಾರದಿಂದ ಒಂದೊಂದಾಗಿ ಕೊಡುತ್ತೇನೆ. ಮೊದಲನೆಯದು ಮೆಣಸಿನಕಾಯಿ.